ಎಂಬತ್ತೆಂಟನೆಯ ದಿನದ ತನಕ

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳೂವರೆಗೆ, ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಲವೀನಾಳ ಮನೆಯ ಅಂಗಳದಲ್ಲಿ ನನ್ನ ಚೀಲವನ್ನು ತೂಗಲಾಯಿತು. ಲವೀನಾಳ ಗಂಡ ವಿಲ್ಫಿ ಅದನ್ನು ತೂಕದ ಕೊಕ್ಕೆಗೆ ಸಿಕ್ಕಿಸಿ ಎತ್ತಿ ಹಿಡಿದು, "ಹನ್ನೊಂದೂವರೆ ಕಿಲೋ! ಐರಿನಕ್ಕ, ನೀವು ಬ್ಯಾಕ್‌ಪ್ಯಾಕಿಂಗ್ ಹೋಗುವುದಾ, ಮನೆ ಶಿಫ್ಟ್ ಮಾಡುವುದಾ?" ಎಂದು ಕೇಳಿದ. ನನ್ನ ಮಗಳು ಶರ್ಲಿನ್ ಚೀಲ ಬಿಚ್ಚಿ ಒಂದೊಂದೇ ವಸ್ತು ಹೊರಗೆಳೆದಳು. ಇಸ್ತ್ರಿಪೆಟ್ಟಿಗೆ ಹೋಯಿತು. ಎರಡನೆಯ ಜೋಡಿ ಚಪ್ಪಲಿ ಹೋಯಿತು. ಎರಡು ಕಿಲೋ ಕುಚ್ಚಲಕ್ಕಿಗೆ ಅವಳು ಕೈ ಹಾಕಿದಾಗ ಮಾತ್ರ ನಾನು ಬಿಡಲಿಲ್ಲ. ಒಂಬತ್ತು ಕಿಲೋಗೆ ಒಪ್ಪಂದವಾಯಿತು.

ನಾವು ಮಂಗಳೂರಿನ ಬಿಜೈಯವರು. ಮನೆಯ ಮಾತು ಕೊಂಕಣಿ. ಇಲ್ಲಿ ಅದನ್ನೆಲ್ಲ ಕನ್ನಡಕ್ಕೆ ತಂದು ಬರೆದಿದ್ದೇನೆ. ನನಗೆ ಐವತ್ತನಾಲ್ಕು. ಸಿಡ್ನಿಗೆ ಬರುವ ವಿಮಾನದಲ್ಲಿ ತುಂಬಲು ಕೊಟ್ಟ ಕಾರ್ಡಿನಲ್ಲಿ "ನಿಮ್ಮ ವೃತ್ತಿ" ಎಂಬ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದಿದ್ದೆ. ಅದನ್ನು ನೋಡಿದ ಅಧಿಕಾರಿ ಏನೂ ಕೇಳಲಿಲ್ಲ.

ಶರ್ಲಿನ್ ಇಪ್ಪತ್ತಾರರವಳು. ದುಡಿಯುತ್ತ ಊರು ಸುತ್ತಲು ಮೂವತ್ತರೊಳಗಿನವರಿಗೆ ಈ ದೇಶ ಕೊಡುವ ಒಂದು ವರ್ಷದ ವೀಸಾದಲ್ಲಿ ಬಂದವಳು. ಎರಡನೆಯ ವರ್ಷ ಬೇಕೆಂದರೆ ದೊಡ್ಡ ಪಟ್ಟಣಗಳ ಹೊರಗೆ ತೋಟದಂಥ ಕಡೆ ಎಂಬತ್ತೆಂಟು ದಿನ ದುಡಿದಿರಬೇಕು. ಅವಳು ಕ್ವೀನ್ಸ್‌ಲ್ಯಾಂಡಿನ ಸ್ಟ್ರಾಬೆರಿ ತೋಟದಲ್ಲಿ ಎಪ್ಪತ್ತೊಂದು ದಿನ ಮುಗಿಸಿದ್ದಳು. ಆಮೇಲೆ ಸೀಸನ್ ಮುಗಿದು ತೋಟ ಮುಚ್ಚಿತು. ಸಿಡ್ನಿಗೆ ಬಂದು ಒಂದು ಕೆಫೆ ಸೇರಿ, "ಉಳಿದದ್ದು ಮಾಡುವ, ಮಾಡುವ" ಎನ್ನುತ್ತ ತಿಂಗಳುಗಳನ್ನು ಕಳೆದುಬಿಟ್ಟಳು. ಐದಾರು ವಾರ ಅವಳ ಜೊತೆ ಇದ್ದು ಹೋಗೋಣವೆಂದು ನಾನು ಬಂದಿಳಿದಾಗ ವೀಸಾ ಮುಗಿಯಲು ಐದು ವಾರ ಉಳಿದಿತ್ತು. ಮೆಲ್ಬರ್ನ್‌ನ ಒಂದು ಬೇಕರಿಯವರು, ವೀಸಾ ಇದ್ದರೆ ಆರು ತಿಂಗಳು ಇಟ್ಟುಕೊಂಡು ಬ್ರೆಡ್ಡಿನ ಕೆಲಸ ಕಲಿಸುತ್ತೇವೆ ಎಂದಿದ್ದರು. ಶಾಲೆಗೆ ಹೋಗುವಾಗಿನಿಂದ ಅವಳಿಗೆ ಹಿಟ್ಟಿನ ಹುಚ್ಚು.

"ಬಿಡು ಮಮ್ಮಿ. ವಾಪಸು ಊರಿಗೇ ಬರ್ತೇನೆ" ಎಂದಳು ಒಂದು ದಿನ.

"ಎಪ್ಪತ್ತೊಂದು ಮಾಡಿದವಳಿಗೆ ಹದಿನೇಳು ದೊಡ್ಡದಾ? ತೋಟ ಹುಡುಕು. ನಾನೂ ಬರ್ತೇನೆ."

ತೋಟ ಸಿಕ್ಕಿದ್ದು ವಿಕ್ಟೋರಿಯಾ ರಾಜ್ಯದ ಬೈರ್ನ್ಸ್‌ಡೇಲ್ ಎಂಬ ಊರಿನ ಹತ್ತಿರ, ಸೊಪ್ಪು-ತರಕಾರಿಯ ತೋಟ. ಕೆಲಸ ಶುರುವಾಗುವುದು ಮುಂದಿನ ವಾರ ಕಳೆದು ಸೋಮವಾರ. ಅಲ್ಲಿಯವರೆಗೆ ಒಂಬತ್ತು ದಿನ ಕೈಯಲ್ಲಿತ್ತು. ಕರಾವಳಿಯನ್ನೇ ಹಿಡಿದು ಹೋಗೋಣವೆಂದು ನಿಶ್ಚಯಿಸಿದೆವು. ಮಂಗಳೂರಿನಿಂದ ನನ್ನ ಗಂಡ ಸ್ಟ್ಯಾನಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಬೆನ್ನು ಹಿಡಿದರೆ ನನಗೆ ಫೋನ್ ಮಾಡ್ಬೇಡ."

ಶನಿವಾರ-ಭಾನುವಾರ ಸಿಡ್ನಿಯ ರೈಲುಗಳಲ್ಲಿ ಎಷ್ಟು ಸುತ್ತಿದರೂ ದಿನಕ್ಕೆ ಹತ್ತು ಡಾಲರಿನೊಳಗೆ ಮುಗಿಯುತ್ತದೆ. ಸೆಂಟ್ರಲ್‌ನಲ್ಲಿ ರೈಲು ಬದಲಿಸಿ, ಸುಮಾರು ನೂರಿಪ್ಪತ್ತು ಕಿಲೋಮೀಟರ್ ದಕ್ಷಿಣದ ಕಯಾಮಾ ಊರಿಗೆ ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ವುಲನ್‌ಗಾಂಗ್ ಬರುವ ಮೊದಲೇ ಎಡಗಡೆ ಸಮುದ್ರ ಕಾಣಿಸಿಕೊಂಡಿತು. ನಮ್ಮ ಸಮುದ್ರದಲ್ಲಿ ಸೂರ್ಯ ಮುಳುಗುತ್ತಾನೆ. ಇಲ್ಲಿ ಮರುದಿನ ಅವನು ನೀರಿನೊಳಗಿಂದ ಎದ್ದು ಬಂದಾಗ, ಯಾರೋ ಮನೆಯ ಹಿಂಬಾಗಿಲಿನಿಂದ ಒಳಗೆ ಬಂದ ಹಾಗಾಯಿತು. ಕಯಾಮಾದಲ್ಲಿ ಬಂಡೆಯ ಬಿಲದೊಳಗೆ ಅಲೆ ನುಗ್ಗಿ ಮೇಲಿನ ತೂತಿನಿಂದ ಚಿಮ್ಮುತ್ತದೆ. ಜನ ಕಾಯುತ್ತಾರೆ, ಚಿಮ್ಮಿದಾಗ "ಓ" ಎನ್ನುತ್ತಾರೆ, ಮತ್ತೆ ಕಾಯುತ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ಸಮುದ್ರದ ಅಂಚಿನಲ್ಲೇ ಬಂಡೆಗಳ ನಡುವೆ ಕಟ್ಟಿದ ಈಜುಕೊಳ. ನನಗಿಂತ ಹಿರಿಯ ಹೆಂಗಸರು ಬೆಳಗಿನ ಚಳಿಯಲ್ಲಿ ಟೋಪಿ ತೊಟ್ಟು ಅದರಲ್ಲಿ ಇಳಿದು, ಕುತ್ತಿಗೆ ಮೇಲಿಟ್ಟುಕೊಂಡು ಸಂಸಾರದ ಮಾತಾಡುತ್ತಿದ್ದರು.

ಭಾನುವಾರ ಚರ್ಚಿನ ಪೂಜೆಗೆ ಹೋಗಿ, ಸೋಮವಾರ ಬಸ್ಸು ಹಿಡಿದೆವು. ನರೂಮಾ ಎಂಬ ಊರಿಗೆ ನಾಲ್ಕು ಗಂಟೆಗಳ ದಾರಿ. ಇಳಿದ ಜಾಗದಿಂದ ಹಾಸ್ಟೆಲ್‌ಗೆ ಎರಡು ಕಿಲೋಮೀಟರ್, ಅದೂ ಏರು. ಚೀಲದ ಪಟ್ಟಿ ಹೆಗಲನ್ನು ಕೊಯ್ಯುತ್ತಿತ್ತು. "ಟ್ಯಾಕ್ಸಿ ಮಾಡುವ ಮಮ್ಮಿ" ಎಂದು ಶರ್ಲಿನ್ ನಾಲ್ಕು ಸಲ ಕೇಳಿದಳು. ನಾನು ವಿದ್ಯುತ್ ಕಂಬಗಳನ್ನು ಎಣಿಸುತ್ತ ನಡೆದೆ. ಮೂವತ್ತೊಂದು ಕಂಬ. ಮೇಲೆ ತಲುಪಿ ತಿರುಗಿ ನೋಡಿದಾಗ ಹಿನ್ನೀರು ಹಸಿರು ಬಾಟಲಿಯ ಚೂರಿನಂತೆ ಕಂಡಿತು. ಸಂಜೆ ದೋಣಿಕಟ್ಟೆಯಲ್ಲಿ ಮೀನು ಶುಚಿಮಾಡುವ ಕಲ್ಲಿನ ಮೇಜಿನ ಕೆಳಗೆ, ನೀರಿನಲ್ಲಿ, ಮೊರದಷ್ಟಗಲದ ಚಪ್ಪಟೆ ತೊರಕೆ ಮೀನುಗಳು ಬಂದು ಕಾಯುತ್ತಿದ್ದವು. ಮೀನು ಹೆಚ್ಚುತ್ತಿದ್ದ ಮುದುಕ ತಲೆ, ಕರುಳುಗಳನ್ನೆಲ್ಲ ಅವುಗಳತ್ತ ಎಸೆಯುತ್ತಿದ್ದ. ಅಂಥ ದೊಡ್ಡ ತಲೆಗಳು! ಒಂದು ಸಾರಿಗೆ ಸಾಲುವಷ್ಟು. ನಾನು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಶರ್ಲಿನ್ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು.

ಅಲ್ಲಿಂದ ಈಡನ್‌ಗೆ. ಈಡನ್‌ನಲ್ಲಿ ಮೂರು ದಿನ ಗಾಳಿಯೋ ಗಾಳಿ. ಸಮುದ್ರ ಬೂದಿ ಬಣ್ಣ. ಹಾಸ್ಟೆಲ್‌ನ ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಬೇಯಿಸಿ, ಟಿನ್ನಿನ ಬೂತಾಯಿ ಮೀನಿಗೆ ಮೆಣಸು ಹಾಕಿ ಹುರಿದೆ. ಶರ್ಲಿನ್ ಮೂರು ಬಟ್ಟಲು ಗಂಜಿ ಕುಡಿದು, "ಅಕ್ಕಿ ತಂದದ್ದು ಒಳ್ಳೆಯದಾಯ್ತು" ಎಂದು ಒಪ್ಪಿಕೊಂಡಳು. ನಂತರ ರಾಜ್ಯದ ಗಡಿ ದಾಟಿ, ಗಂಟೆಗಟ್ಟಲೆ ಕಾಡೇ ಕಾಡಾದ ದಾರಿ. ಲೇಕ್ಸ್ ಎಂಟ್ರೆನ್ಸ್‌ನಲ್ಲಿ ಒಂದು ರಾತ್ರಿ ತಂಗಿ, ಭಾನುವಾರ ಬೈರ್ನ್ಸ್‌ಡೇಲ್. ಅಲ್ಲಿಂದ ತೋಟಗಳ ನಡುವಿನ ಒಂದು ಸಣ್ಣ ಊರಿಗೆ ಹಾಸ್ಟೆಲ್‌ನ ವ್ಯಾನು ಬಂದು ಕರೆದೊಯ್ದಿತು.

ಆ ಹಾಸ್ಟೆಲ್ ನಡೆಸುತ್ತಿದ್ದವಳ ಹೆಸರು ಡೆಬ್. ಅರುವತ್ತರ ಹತ್ತಿರದ, ದೊಡ್ಡ ನಗೆಯ ಹೆಂಗಸು. ಎಲ್ಲರನ್ನೂ "ಲವ್" ಎಂದೇ ಕರೆಯುವಳು. ಇಪ್ಪತ್ತೆರಡು ಮಂದಿ ತೋಟದ ಕೆಲಸಗಾರರು, ಎಲ್ಲರೂ ನನ್ನ ಮಗಳ ವಯಸ್ಸಿನವರು. ಬೆಳಿಗ್ಗೆ ಐದೂವರೆಗೆ ವ್ಯಾನು. ಆ ಮೇಲೆ ಇಡೀ ಮನೆಯಲ್ಲಿ ನಾನು, ಡೆಬ್ ಮತ್ತು ತೊಳೆಯುವ ತೊಟ್ಟಿಯಲ್ಲಿ ಗೋಪುರದಂತೆ ಒಟ್ಟಿದ ಪಾತ್ರೆಗಳು.

ನಮ್ಮ ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ ಆಟದ ಹೊತ್ತಿನಲ್ಲೂ ಸುಮ್ಮನೆ ಕೂತ ಹುಡುಗಿಯ ಕೈಗೆ ಸಿಸ್ಟರ್ ಒಂದು ಕರವಸ್ತ್ರ ಕೊಟ್ಟು ಅಂಚು ಹೊಲಿಯಲು ಹೇಳುತ್ತಿದ್ದರು. ಆ ಅಭ್ಯಾಸ ಈ ಕೈಗಳಿಂದ ಹೋಗಲಿಲ್ಲ. ಸೋಮವಾರ ಪಾತ್ರೆ ತೊಳೆದೆ. ಮಂಗಳವಾರ ಒಲೆಯ ಜಿಡ್ಡು ತೆಗೆದೆ, ಕಪಾಟಿನ ಮಸಾಲೆ ಡಬ್ಬಿಗಳನ್ನು ಒರೆಸಿ ಸಾಲಾಗಿಟ್ಟೆ. ಡೆಬ್ ಬಾಗಿಲಲ್ಲಿ ನಿಂತು ನೋಡಿ, "ಲವ್, ದಿನಾ ಎರಡು ಗಂಟೆ ಹೀಗೆ ಮಾಡಿದರೆ ನಿನ್ನ ಹಾಸಿಗೆಗೆ ದುಡ್ಡು ಬೇಡ" ಎಂದಳು. ಹಾಸಿಗೆಗೆ ದಿನಕ್ಕೆ ಮೂವತ್ತೈದು ಡಾಲರ್. ಒಳ್ಳೆಯ ಮನಸ್ಸಿನವಳು ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕೆಲಸದ ಪಟ್ಟಿಯಲ್ಲಿ ನನ್ನ ಹೆಸರಿತ್ತು. "ಐರಿನ್, ಅಡುಗೆಮನೆ, ಒಂಬತ್ತರಿಂದ ಹನ್ನೊಂದು." ಅಚ್ಚಾದ ಅಕ್ಷರ. ಮದುವೆಯ ಕಾಗದ, ರೇಷನ್ ಕಾರ್ಡುಗಳಲ್ಲಿ ಬಿಟ್ಟರೆ ನನ್ನ ಹೆಸರು ಅಚ್ಚಾದದ್ದನ್ನು ನಾನು ನೋಡಿದ್ದೇ ಕಡಿಮೆ. ನಾಲ್ಕು ಸಲ ಓದಿದೆ. ಫೋಟೋ ತೆಗೆದೆ. "ಆಸ್ಟ್ರೇಲಿಯಾದಲ್ಲಿ ನನಗೂ ಕೆಲಸ ಸಿಕ್ಕಿತು!" ಎಂದು ಬರೆದು ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿಗೂ, ನಮ್ಮ ವಾಳೆಯ ಗುಂಪಿಗೂ ಹಾಕಿದೆ. ವಾಳೆಯೆಂದರೆ ನಮ್ಮ ಚರ್ಚಿನ ಅಕ್ಕಪಕ್ಕದ ನಲವತ್ತು ಮನೆಗಳು. ಐದು ನಿಮಿಷದಲ್ಲಿ ಹನ್ನೆರಡು ಜನ ಚಪ್ಪಾಳೆ ತಟ್ಟಿದರು.

ಆರನೆಯ ನಿಮಿಷಕ್ಕೆ ಸಿಡ್ನಿಯಿಂದ ವಿಲ್ಫಿಯ ಫೋನ್.

"ಐರಿನಕ್ಕ, ಆ ಫೋಟೋ ಡಿಲೀಟ್ ಮಾಡಿ ಮಾರ್ರೆ! ಈಗಲೇ!"

"ಯಾಕೆ? ಚೆಂದ ಬರ್ಲಿಲ್ವಾ?"

"ನಿಮ್ಮದು ವಿಸಿಟರ್ ವೀಸಾ. ಕೆಲಸ ಮಾಡ್ಲಿಕ್ಕೆ ಇಲ್ಲ!"

"ನಾನೆಂತ ಕೆಲಸ ಮಾಡಿದ್ದು? ಪಾತ್ರೆ ತೊಳೆದದ್ದು."

"ಅದೇ ಕೆಲಸ!"

"ಸಂಬಳ ಇಲ್ಲ ವಿಲ್ಫಿ. ಹಾಸಿಗೆಗೆ ದುಡ್ಡು ಬೇಡ ಅಂದದ್ದು, ಅಷ್ಟೇ."

"ಹಾಸಿಗೆ ಫ್ರೀ ಅಲ್ವಾ? ಇಲ್ಲಿಯ ಕಾನೂನಿನಲ್ಲಿ ಅದೇ ಸಂಬಳ. ಗೊತ್ತಾದರೆ ನಿಮ್ಮ ವೀಸಾ ಕ್ಯಾನ್ಸಲ್, ನಾಳೆ ಶರ್ಲಿನ್ ನಿಮ್ಮ ಹಿಂದೆ ಓಡ್ಬೇಕು. ಅವಳ ದಿನಗಳ ಗತಿ ಎಂತ?"

"ಹಾಗಾದರೆ ಬಿಜೈಯಲ್ಲಿ ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು?"

"ಅಕ್ಕಾ, ಜೋಕ್ ಬೇಡ. ಡಿಲೀಟ್!"

ನಾನು ಜೋಕ್ ಮಾಡಿರಲಿಲ್ಲ. ಫೋಟೋ ಅಳಿಸಿ, ಒದ್ದೆ ಕೈ ಒರೆಸಿಕೊಂಡು, ಅಡುಗೆಮನೆಯ ಬೆಂಚಿನ ಮೇಲೆ ಕೂತೆ. ನಾನು ಮಾಡುವುದನ್ನು ಕೆಲಸವೆಂದು ಒಂದು ಸರ್ಕಾರ ಒಪ್ಪಿದ್ದು ಇದೇ ಮೊದಲು. ಒಪ್ಪಿದ ಕೂಡಲೇ ಮಾಡಬಾರದೆಂದೂ ಹೇಳಿತ್ತು. ನಗು ಬಂತು. ಮರುಕ್ಷಣ ಶರ್ಲಿನ್‌ಳ ಎಪ್ಪತ್ತೊಂದು ದಿನಗಳು ನೆನಪಾದವು.

ಎದ್ದು ಡೆಬ್‌ಳ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಲವ್, ನೀನೂ ಮಗಳ ವೀಸಾದಲ್ಲೇ ಬಂದವಳು ಅಂದುಕೊಂಡೆ!"

"ಅದು ಮೂವತ್ತರೊಳಗಿನವರಿಗೆ."

"ನಾನು ಹೆಂಗಸರ ವಯಸ್ಸು ಕೇಳುವುದಿಲ್ಲ" ಎಂದಳು, ಪೂರಾ ಗಂಭೀರವಾಗಿ.

ನಾಲ್ಕು ರಾತ್ರಿಯ ಹಾಸಿಗೆ ಬಾಡಿಗೆ ಕೊಟ್ಟು ರಸೀದಿ ಪಡೆದೆ. ಅವಳು ಫ್ರಿಜ್ಜಿನ ಮೇಲಿನ ಪಟ್ಟಿಯನ್ನು ಕಿತ್ತು ಹೊಸದೊಂದನ್ನು ಅಂಟಿಸಿದಳು.

ಮೂರು ಗಂಟೆಗೆ ಶರ್ಲಿನ್ ಬಂದಳು. ಮೊಣಕಾಲಿನವರೆಗೆ ಕೆಸರು, ಲೆಟಿಸ್ ಕೊಯ್ದು ಬೆರಳುಗಳೆಲ್ಲ ಸೀಳಿದ್ದವು. ವಿಷಯ ಕೇಳಿ ಬೂಟು ಬಿಚ್ಚುವುದನ್ನೂ ಮರೆತು ನಿಂತಳು.

"ಮಮ್ಮಿ, ನಿನಗೆ ಸುಮ್ಮನೆ ಕೂರ್ಲಿಕ್ಕೆ ಆಗುವುದೇ ಇಲ್ವಾ?"

"ಆಗ್ಲಿಲ್ಲ."

"ಇಲ್ಲಿದ್ದರೆ ನೀನು ನಾಳೆ ಮತ್ತೆ ತೊಟ್ಟಿಗೆ ಕೈ ಹಾಕ್ತಿ, ನನಗೆ ಗೊತ್ತು. ನಾಳೆ ರಜೆ ಹಾಕ್ತೇನೆ. ಮೆಲ್ಬರ್ನ್‌ನಲ್ಲಿ ನಿನಗೆ ರೂಮ್ ನೋಡಿ, ಬಿಟ್ಟು, ಶನಿವಾರ ವಾಪಸು."

ಬೆರಳು ಮಡಿಸಿ ಲೆಕ್ಕ ಹಾಕಿದೆ. ವಾರಕ್ಕೆ ಆರು ದಿನ ಕೆಲಸ. ಕೆಲಸ ಶುರುವಾದ ಸೋಮವಾರದಿಂದ ಅವಳ ವೀಸಾ ಮುಗಿಯುವ ಭಾನುವಾರದೊಳಗೆ ಒಟ್ಟು ಹದಿನೆಂಟು ಕೆಲಸದ ದಿನಗಳಿದ್ದವು, ಬೇಕಾದದ್ದು ಹದಿನೇಳು. ಒಂದೇ ಒಂದು ದಿನದ ಸಡಿಲು. ಎರಡು ರಜೆಯೆಂದರೆ ಅಲ್ಲಿಗೆ ಮುಗಿಯಿತು.

"ನೀನು ತೋಟಕ್ಕೆ ಹೋಗು. ನಾನು ಹೋಗ್ತೇನೆ ಮೆಲ್ಬರ್ನ್‌ಗೆ."

"ಒಬ್ಬಳೇ? ನೀನು ಉಡುಪಿಗೂ ಒಬ್ಬಳೇ ಹೋದವಳಲ್ಲ."

"ಉಡುಪಿಗೆ ನಿನ್ನ ಡ್ಯಾಡಿ ಬಿಡ್ಲಿಲ್ಲ. ಇಲ್ಲಿ ಡ್ಯಾಡಿ ಎಲ್ಲಿದ್ದಾರೆ?"

ಅವಳು ನನ್ನನ್ನು ನೋಡಿದಳು. ಆಮೇಲೆ ಬಾಗಿ ಬೂಟಿನ ದಾರ ಬಿಚ್ಚತೊಡಗಿದಳು. ತಲೆ ಎತ್ತದೆಯೇ, "ಚಾರ್ಜರ್ ಮರೀಬೇಡ" ಎಂದಳು.

ಶುಕ್ರವಾರ ಡೆಬ್ ನನ್ನನ್ನು ಬೈರ್ನ್ಸ್‌ಡೇಲ್ ನಿಲ್ದಾಣಕ್ಕೆ ಬಿಟ್ಟಳು. ಟಿಕೆಟ್ ಹನ್ನೊಂದು ಡಾಲರಿನ ಆಚೀಚೆ, ದೂರ ಸುಮಾರು ಇನ್ನೂರ ಎಂಬತ್ತು ಕಿಲೋಮೀಟರ್, ನಾಲ್ಕು ಗಂಟೆಗಿಂತ ಸ್ವಲ್ಪ ಕಡಿಮೆ. ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡೇ ಕೂತೆ. ಟಿಕೆಟ್ ನೋಡಲು ಬಂದವರು, "ಮೇಲೆ ಜಾಗವಿದೆಯಲ್ಲ" ಎಂದರು. "ಇರಲಿ" ಎಂದೆ. ಟ್ರರಾಲ್ಗನ್ ದಾಟಿದ ಮೇಲೆ ಧೈರ್ಯ ಬಂದು ಚೀಲವನ್ನು ಮೇಲಿಟ್ಟೆ. ಕಿಟಕಿಯಾಚೆ ಹುಲ್ಲುಗಾವಲು, ಕಪ್ಪು ಹಸುಗಳು. ಗಾಳಿಗೆ ಬೆನ್ನು ಕೊಟ್ಟು ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಅರ್ಧ ದಾರಿಯಲ್ಲಿ ಸ್ಟ್ಯಾನಿಯ ಫೋನ್ ಬಂತು. "ಯಾರ ಜೊತೆ ಹೋಗ್ತಾ ಇದ್ದಿ?" ಎಂದರು. "ರೈಲಿನ ಜೊತೆ" ಎಂದೆ. "ಇಳಿದ ಮೇಲೆ ಫೋನ್ ಮಾಡು" ಎಂದರು.

ಸದರ್ನ್ ಕ್ರಾಸ್ ನಿಲ್ದಾಣದ ಮಾಡು ಅಲೆ ಅಲೆಯಾಗಿದೆ. ಅದರ ಹಿಂದೆಯೇ ಡಾಕ್‌ಲ್ಯಾಂಡ್ಸ್. ಶರ್ಲಿನ್ ಬುಕ್ ಮಾಡಿದ್ದ ಹಾಸ್ಟೆಲ್ ಅಲ್ಲಿಂದ ಹತ್ತು ನಿಮಿಷದ ನಡಿಗೆ. ನಾನು ನಲವತ್ತು ನಿಮಿಷ ನಡೆದೆ, ಯಾಕೆಂದರೆ ಮೊದಲು ಎದುರು ದಿಕ್ಕಿಗೆ ಹೋದೆ. ಆರು ಹಾಸಿಗೆಯ ಕೋಣೆ. ನನಗೆ ಸಿಕ್ಕಿದ್ದು ಮೇಲಿನದು. ಏಣಿಗೆ ಐದು ಮೆಟ್ಟಿಲು. ಮೊದಲ ದಿನ ಏರಲು ಮೂರು ಪ್ರಯತ್ನ ಬೇಕಾದವು. ಕೆಳಗಿನ ಹಾಸಿಗೆಯ ತೈವಾನ್ ಹುಡುಗಿ ತನ್ನದನ್ನು ಬಿಟ್ಟುಕೊಡುತ್ತೇನೆ ಎಂದಳು. ಬೇಡ ಎಂದೆ. ನಾಲ್ಕನೆಯ ದಿನಕ್ಕೆ ಒಂದೇ ಉಸಿರಿನಲ್ಲಿ ಏರಿದಾಗ ಅವಳೇ ಚಪ್ಪಾಳೆ ತಟ್ಟಿದಳು.

ಹದಿನೈದು ದಿನ ಒಬ್ಬಳೇ ಇದ್ದೆ. ಊರ ನಡುವಿನ ಟ್ರಾಮಿಗೆ ಟಿಕೆಟ್ ಬೇಕಿಲ್ಲ. ಬೆಳಿಗ್ಗೆ ಎಂಟಕ್ಕೆ ಡಾಕ್‌ಲ್ಯಾಂಡ್ಸ್ ಕಡೆಯ ಟ್ರಾಮಿನಲ್ಲಿ ಬ್ಯಾಂಕು, ಐಟಿ ಕಚೇರಿಗಳ ಜನ ಕುತ್ತಿಗೆಯಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು, ಕಾಫಿ ಲೋಟ ಹಿಡಿದು ನಿಂತಿರುತ್ತಾರೆ. ಒಂದು ದಿನ ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರು ಬೆಂಗಳೂರು ಕನ್ನಡದಲ್ಲಿ ಮಾತಾಡುತ್ತಿದ್ದರು: "ರೆಂಟ್ ಮತ್ತೆ ಜಾಸ್ತಿ ಮಾಡಿದಾನೆ ಕಣೇ." ನಾನು ತಡೆಯಲಾರದೆ, "ಎಷ್ಟು ಮಾಡಿದ?" ಎಂದು ಕೇಳಿಬಿಟ್ಟೆ. ಇಬ್ಬರೂ ಬೆಚ್ಚಿ, ಆಮೇಲೆ ನಕ್ಕು, "ಆಂಟಿ, ನೀವು ಮಗನ ಮನೇಲಿದೀರಾ?" ಎಂದರು. "ಬ್ಯಾಕ್‌ಪ್ಯಾಕರ್ಸ್ ಹಾಸ್ಟೆಲ್‌ನಲ್ಲಿ" ಎಂದೆ. ಅವರು ಇಳಿಯುವ ಸ್ಟಾಪ್ ಬಿಟ್ಟು ಎರಡು ಸ್ಟಾಪ್ ಮುಂದೆ ಬಂದು ಕಥೆ ಕೇಳಿ ಹೋದರು.

ಕರಾವಳಿಯನ್ನು ಅರ್ಧಕ್ಕೆ ಬಿಡಲು ನನಗೆ ಮನಸ್ಸಿರಲಿಲ್ಲ. ಜೀಲಾಂಗ್‌ವರೆಗೆ ರೈಲು, ಅಲ್ಲಿಂದ ಬಸ್ಸು ಹಿಡಿದು ಅಪೊಲೊ ಬೇಗೆ ಹೋಗಿ ಒಂದು ರಾತ್ರಿ ಉಳಿದು ಬಂದೆ. ಬಂಡೆಯನ್ನು ಕಡಿದು ಮಾಡಿದ ರಸ್ತೆ. ಕೆಳಗೆ ನೀರು, ಮೇಲೆ ಗುಡ್ಡ. ತಿರುವುಗಳಲ್ಲಿ ಜಪಮಾಲೆಯ ಮೂರು ದಶಕ, ಅಂದರೆ ಮೂರು ಹತ್ತು ಮಣಿ, ಮುಗಿಯಿತು. ಮರಳಿನಲ್ಲಿ ಚಪ್ಪಲಿ ಬಿಚ್ಚಿಟ್ಟು ನೀರಿಗೆ ಕಾಲು ಇಟ್ಟೆ. ಮಂಜುಗಡ್ಡೆಯಂಥ ನೀರು. ಸೀರೆಯಾಗಿದ್ದರೆ ನೆರಿಗೆ ಎತ್ತಿ ಹಿಡಿಯಬೇಕಿತ್ತು. ಪ್ಯಾಂಟು ಮಡಚಿ ಮೊಣಕಾಲಿನವರೆಗೆ ಇಳಿದೆ.

ದಿನಾ ಸಂಜೆ ಶರ್ಲಿನ್ ಒಂದು ಫೋಟೋ ಕಳಿಸುತ್ತಿದ್ದಳು: ಅಂಗೈ, ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಅಂಕಿ. ಎಪ್ಪತ್ತಾರು. ಎಪ್ಪತ್ತೇಳು. ಎರಡನೆಯ ವಾರದ ಬುಧವಾರ ಅಂಗೈಯಲ್ಲಿ ಅಂಕಿ ಇರಲಿಲ್ಲ. ಒಂದು ಕೊಡೆಯ ಚಿತ್ರವಿತ್ತು. ಮಳೆಗೆ ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತು ಕೆಲಸ ನಿಂತಿತ್ತು. ಸಡಿಲಿದ್ದ ಒಂದು ದಿನ ಹೋಯಿತು. ಆಮೇಲೆ ನಾನು ಬೆಳಿಗ್ಗೆ ಎದ್ದ ಕೂಡಲೇ ಮೆಲ್ಬರ್ನ್‌ನ ಆಕಾಶ ಬಿಟ್ಟು ಬೈರ್ನ್ಸ್‌ಡೇಲ್‌ನ ಹವಾಮಾನ ನೋಡತೊಡಗಿದೆ.

ಹಾಸ್ಟೆಲ್‌ನ ಅಡುಗೆಮನೆಯಲ್ಲಿ ಇಲ್ಲಿಯೂ ತೊಟ್ಟಿ ತುಂಬ ಪಾತ್ರೆ. ಯಾರದೋ ಬಾಣಲೆಯಲ್ಲಿ ಮೊಟ್ಟೆ ಒಣಗಿ ಅಂಟಿರುತ್ತಿತ್ತು. ನಾನು ನನ್ನ ಒಂದು ಕಪ್ಪು, ಒಂದು ತಟ್ಟೆ ತೊಳೆದು, ಕೈ ಒರೆಸಿ, ಕುರ್ಚಿಯಲ್ಲಿ ಕೂರುತ್ತಿದ್ದೆ. ಮೊದಮೊದಲು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳಬೇಕಾಗುತ್ತಿತ್ತು. ಇಡೀ ಪ್ರಯಾಣದಲ್ಲಿ ನರೂಮಾದ ಏರೂ ಅಷ್ಟು ಕಷ್ಟವಾಗಿರಲಿಲ್ಲ.

ಮೂರನೆಯ ಶನಿವಾರ ಮಧ್ಯಾಹ್ನ ಅಂಗೈಯ ಫೋಟೋ ಬಂತು. ಎಂಬತ್ತೆಂಟು. ಅಂಕಿಯ ಪಕ್ಕ ಕೆಸರಿನ ಬೆರಳಚ್ಚು. ಸಂಜೆಯ ರೈಲಿಗೆ ಅವಳೇ ಬಂದಳು. ನಿಲ್ದಾಣದಲ್ಲಿ ನಾನು ಮೊದಲು ನೋಡಿದ್ದು ಅವಳ ಚೀಲವನ್ನು. ಅದನ್ನು ಇಳಿಸಿಕೊಂಡು ನನ್ನ ಬೆನ್ನಿಗೆ ಹಾಕಿಕೊಂಡೆ. ಅವಳು ತಡೆಯಲಿಲ್ಲ. ಹಾಸ್ಟೆಲ್‌ಗೆ ಸರಿಯಾದ ದಾರಿಯಲ್ಲೇ, ಹತ್ತು ನಿಮಿಷದಲ್ಲೇ ಕರೆದುಕೊಂಡು ಹೋದೆ.

ಸೋಮವಾರ ಮಧ್ಯಾಹ್ನ ನನ್ನ ವಿಮಾನ. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಮೋಡದ ಮೇಲೆ ಕೂತು ನಾನು ಮತ್ತೆ ಮತ್ತೆ ತಿರುಗಿ ನೋಡಿದ್ದು ಭಾನುವಾರದ ಬೆಳಿಗ್ಗೆಯನ್ನು. ಅವಳ ವೀಸಾದ ಕೊನೆಯ ದಿನ. ಅಡುಗೆಮನೆಯ ಮೇಜಿನಲ್ಲಿ ಶರ್ಲಿನ್ ಎರಡನೆಯ ವರ್ಷದ ವೀಸಾ ಅರ್ಜಿಗೆ ಸಂಬಳದ ಚೀಟಿಗಳನ್ನು ಒಂದೊಂದಾಗಿ ಫೋನಿನಲ್ಲಿ ಏರಿಸುತ್ತಿದ್ದಳು. ಎದುರಿಗೆ ನಾನು, ನಮ್ಮ ಚಹಾದ ಎರಡು ಕಪ್ಪುಗಳು. ಕೊನೆಯ ಗುಂಡಿ ಒತ್ತಿದ ಮೇಲೆ ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ನಿಂತಿತು. ಅವಳು ಓದಿದಳು. ಫೋನನ್ನು ಬೋರಲು ಹಾಕಿದಳು.

"ಅರ್ಜಿ ಹೋಯ್ತು ಮಮ್ಮಿ. ತಲುಪಿತು ಅಂತ ಮೆಸೇಜ್ ಬಂತು. ಇನ್ನು ಅವರು ನೋಡಿಕೊಳ್ತಾರೆ. ಉತ್ತರ ಬರುವವರೆಗೆ ನಾನು ಇಲ್ಲೇ ಇರಬಹುದು."

"ಬೇಕರಿಗೆ ಹೇಳು."

"ಹೇಳ್ತೇನೆ."

ನಾನು ಎದ್ದು ಎರಡೂ ಕಪ್ಪುಗಳನ್ನು ಎತ್ತಿಕೊಂಡು ತೊಟ್ಟಿಯ ಕಡೆ ತಿರುಗಿದೆ. ಅವಳು ಎದ್ದು ಬಂದು, ಸೀಳಿದ ಬೆರಳುಗಳಿಂದ ಅವನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಕೂತ್ಕೋ ಮಮ್ಮಿ" ಎಂದಳು. "ನಿನಗಿಲ್ಲಿ ಕೆಲಸ ಮಾಡ್ಲಿಕ್ಕೆ ಇಲ್ಲ."

ನಾನು ಕೂತೆ.